ಯಾವ ಕರೆಗೆ ಯಾವ ಉಡುಪು

— ಅಗ್ನಿಶಾಮಕ ಸಿಬ್ಬಂದಿಗೆ ತಕ್ಕ ರಕ್ಷಣಾ ಉಡುಪು ಇದೆಯೇ ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣಮುಂದೆ ಬರುವುದು ಒಂದೇ ಚಿತ್ರ: ದಪ್ಪ ಕೋಟು, ಹೆಲ್ಮೆಟ್, ಗಮ್‌ಬೂಟು. ಅಷ್ಟು ಇದ್ದರೆ ಸಾಲದೇ?

— ಸಾಲದು. ಉಡುಪು ತಕ್ಕದ್ದೋ ಅಲ್ಲವೋ ಎಂಬುದು ಠಾಣೆಗೆ ಬರುವ ಕರೆಯ ಮೇಲೆ ನಿಂತಿದೆ. ಶಿವಮೊಗ್ಗಕ್ಕೂ ಭದ್ರಾವತಿಗೂ ಇರುವುದು ಸುಮಾರು ಇಪ್ಪತ್ತು ಕಿಲೋಮೀಟರ್ ದೂರ. ಅಷ್ಟರೊಳಗೆ ಗಾಂಧಿ ಬಜಾರಿನ ಒತ್ತೊತ್ತಾದ ಅಂಗಡಿಗಳಿವೆ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ, ಶತಮಾನ ಕಂಡ ಕಬ್ಬಿಣದ ಕಾರ್ಖಾನೆಯಿದೆ, ಅಕ್ಕಿ ಗಿರಣಿಗಳಿವೆ, ಎರಡು ನದಿಗಳಿವೆ. ಸುತ್ತ ಕಲ್ಲುಕ್ವಾರಿ ಮತ್ತು ಕಾಡು. ಒಂದು ಕಡೆ ಜೀವ ಉಳಿಸುವ ಉಡುಪು ಇನ್ನೊಂದು ಕಡೆ ಜೀವಕ್ಕೇ ಎರವಾಗಬಹುದು. ಹಾಗಾಗಿ ಕೋಟು ಇದೆಯೇ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ.

— ಮನೆ, ಅಂಗಡಿಗೆ ಬೆಂಕಿ ಬಿದ್ದ ಕರೆಯಿಂದಲೇ ಶುರು ಮಾಡಬಹುದು. ಬಹಳ ಕಾಲ ಖಾಕಿ ಡಂಗ್ರಿಯಲ್ಲೇ ಈ ಕೆಲಸ ನಡೆಯಿತಲ್ಲ?

— ನಡೆಯಿತು, ಅದಕ್ಕೆ ಮೈ ಸುಟ್ಟುಕೊಂಡು ಬೆಲೆ ತೆತ್ತವರೂ ಇದ್ದಾರೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಕೀಳಲು ಹೋದರೆ ಚರ್ಮವೂ ಕಿತ್ತು ಬರುತ್ತದೆ. ಈಗಿನ ಕೋಟಿನ ಹೊರಪದರವನ್ನು ಅರಾಮಿಡ್ ನೂಲಿನಿಂದ ನೇಯುತ್ತಾರೆ. ನೊಮೆಕ್ಸ್, ಕೆವ್ಲಾರ್ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಇದೇ ನೂಲು. ಅದು ಕರಗುವುದಿಲ್ಲ, ಕರಿಕಾಗುತ್ತದೆ. ಅದರ ಒಳಗೆ ನೀರು ತಡೆದು ಬೆವರಿನ ಆವಿಯನ್ನು ಹೊರಬಿಡುವ ತೆಳು ಪೊರೆ. ಅದಕ್ಕೂ ಒಳಗೆ ಗಾಳಿ ಹಿಡಿದಿಟ್ಟುಕೊಂಡು ಶಾಖ ತಡೆಯುವ ಮೆತ್ತನೆಯ ಅಸ್ತರಿ. ಈ ಮೂರೂ ಪದರ ಒಟ್ಟಿಗಿದ್ದರೆ ಮಾತ್ರ ಅದು ಬೆಂಕಿಗೆ ಹೋಗುವ ಕೋಟು. ಭಾರವೆಂದೋ ಸೆಕೆಯೆಂದೋ ಅಸ್ತರಿ ತೆಗೆದು ಹಾಕಿಕೊಂಡರೆ ಉಳಿಯುವುದು ಬರೀ ಹೊದಿಕೆ.

— ಆ ಮೂರು ಪದರ ಎಷ್ಟು ಹೊತ್ತು ಕಾಪಾಡುತ್ತದೆ?

— ಜನ ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ ಹೊತ್ತು. ಮುಚ್ಚಿದ ಕೋಣೆಯಲ್ಲಿ ಶಾಖ ಏರುತ್ತಾ ಹೋಗಿ ಒಂದು ಹಂತದಲ್ಲಿ ಮಂಚ, ಬಟ್ಟೆ, ಬಾಗಿಲು ಎಲ್ಲವೂ ಏಕಕಾಲಕ್ಕೆ ಹೊತ್ತಿಕೊಳ್ಳುತ್ತದೆ. ಅಮೆರಿಕದ ಮಾನದಂಡ ಕೇಳುವ ಕನಿಷ್ಠ ರಕ್ಷಣೆಯ ಕೋಟು ತೊಟ್ಟವರಿಗೆ ಅಂಥ ಉರಿಯಲ್ಲಿ ಎರಡನೇ ದರ್ಜೆಯ ಸುಟ್ಟಗಾಯ ಆಗುವ ಮುನ್ನ ಸಿಗುವ ಸಮಯ ಹದಿನೇಳು ಸೆಕೆಂಡಿನ ಆಸುಪಾಸು. ಹಿಂತಿರುಗಿ ಬಾಗಿಲು ಸೇರಲು ಮಾತ್ರ ಅಷ್ಟು ಸಮಯ. ಕೋಟು ಉರಿಯೊಳಗೆ ನಿಲ್ಲಲಿಕ್ಕಲ್ಲ, ಉರಿಯಿಂದ ಹೊರಬರಲಿಕ್ಕೆ ಎಂದು ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಬೇಕಾದ್ದು ಇದಕ್ಕೇ. ಜೊತೆಗೆ ಹಬೆಯ ಅಪಾಯ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಸಣ್ಣ ಕೋಣೆಗೆ ಯೋಚಿಸದೆ ನೀರು ಹೊಡೆದರೆ ಹಬೆ ತಿರುಗಿ ಬಂದು ಕಾಲರಿನ ಸಂದಿನಲ್ಲಿ, ಕೈಗವಸು ಮತ್ತು ತೋಳಿನ ನಡುವಿನ ಬೆರಳಗಲದ ಜಾಗದಲ್ಲಿ ನುಗ್ಗುತ್ತದೆ. ಕಿವಿ, ಕುತ್ತಿಗೆ, ಮಣಿಕಟ್ಟು ಸುಡುವುದು ಹೀಗೆ. ತಲೆಯಿಂದ ಭುಜದವರೆಗೆ ಇಳಿಯುವ ಅರಾಮಿಡ್ ಟೋಪಿಗವಸು ಕೋಟಿನಷ್ಟೇ ಮುಖ್ಯ. ಅದರ ಬೆಲೆ ಕೋಟಿನ ಬೆಲೆಯ ಒಂದು ಸಣ್ಣ ಪಾಲು, ಆದರೂ ಖರೀದಿ ಪಟ್ಟಿಯಲ್ಲಿ ಮೊದಲು ಬಿಟ್ಟುಹೋಗುವುದು ಅದೇ.

— ಕೊಳ್ಳುವವರಿಗೆ ನಮ್ಮಲ್ಲಿ ಮಾನದಂಡಗಳಿವೆಯೇ?

— ಇವೆ. ಭಾರತೀಯ ಮಾನಕ ಬ್ಯೂರೋ ಅಗ್ನಿಶಾಮಕರ ಉಡುಪಿಗೆ ಐ.ಎಸ್. 16890, ಕೈಗವಸಿಗೆ ಐ.ಎಸ್. 16874 ಎಂಬ ಮಾನಕಗಳನ್ನು 2018ರಲ್ಲಿ ತಂದಿದೆ. ಹೆಲ್ಮೆಟ್ಟಿಗೆ ಐ.ಎಸ್. 2745 ಅದಕ್ಕೂ ಹಳೆಯದು. ಕರೆದ ಟೆಂಡರಿನಲ್ಲಿ ಈ ಸಂಖ್ಯೆಗಳಿವೆಯೇ, ಬಂದ ಮಾಲಿನ ಒಳಪಟ್ಟಿಯಲ್ಲಿ ಅವು ಮುದ್ರಿತವಾಗಿವೆಯೇ ಎಂದು ನೋಡುವುದು ಯಾರಿಗೂ ಕಷ್ಟವಲ್ಲ. ಬೈಕಿನ ಹೆಲ್ಮೆಟ್ಟಿಗೆ ಐ.ಎಸ್.ಐ. ಗುರುತು ಕೇಳುವ ಊರು ಬೆಂಕಿಯೊಳಗೆ ಹೋಗುವವನ ಹೆಲ್ಮೆಟ್ಟಿಗೂ ಅದನ್ನು ಕೇಳಬೇಕು.

— ಆದರೆ ಬೆಂಕಿ ಅನಾಹುತದಲ್ಲಿ ಸಾಯುವವರಲ್ಲಿ ಹೆಚ್ಚಿನವರು ಸುಟ್ಟು ಸಾಯುವುದಿಲ್ಲ, ಹೊಗೆಯಿಂದ ಸಾಯುತ್ತಾರೆ ಎನ್ನುತ್ತಾರೆ.

— ಅದಕ್ಕೇ ಎಲ್ಲ ಉಪಕರಣಗಳಲ್ಲಿ ಮೊದಲ ಸ್ಥಾನ ಬಿ.ಎ. ಸೆಟ್ಟಿಗೆ, ಅಂದರೆ ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರ್ ಮತ್ತು ಮುಖಕವಚಕ್ಕೆ. ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಒಳನುಗ್ಗುವುದನ್ನು ಧೈರ್ಯವೆಂದು ಹೊಗಳುವ ರೂಢಿ ನಮ್ಮಲ್ಲಿದೆ. ಒದ್ದೆ ಬಟ್ಟೆ ಕಾರ್ಬನ್ ಮಾನಾಕ್ಸೈಡನ್ನು ಒಂದಿಷ್ಟೂ ತಡೆಯುವುದಿಲ್ಲ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಫೋಮಿನ ಹಾಸಿಗೆ ಉರಿದರೆ ಸಯನೈಡ್ ಅನಿಲ ಏಳುತ್ತದೆ, ವೈರಿನ ಪಿ.ವಿ.ಸಿ. ಹೊದಿಕೆ ಉರಿದರೆ ಹೈಡ್ರೋಜನ್ ಕ್ಲೋರೈಡ್. ಇದೇ ಜಿಲ್ಲೆಯ ಶರಾವತಿ ವಿದ್ಯುದಾಗಾರದಲ್ಲಿ 2016ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಉತ್ಪಾದನೆಯೇ ನಿಂತುಹೋಯಿತು. ಕೇಬಲ್ ತುಂಬಿದ ಅಂಥ ಕಟ್ಟಡಗಳಲ್ಲಿ ಎಂಥ ಒಳ್ಳೆಯ ಕೋಟು ತೊಟ್ಟರೂ ಗಾಳಿಯ ಸಿಲಿಂಡರಿಲ್ಲದೆ ಒಳಗೆ ಹೆಜ್ಜೆ ಇಡುವಂತಿಲ್ಲ.

— ಒಂದು ಸಿಲಿಂಡರ್ ಎಷ್ಟು ಹೊತ್ತಿಗೆ ಸಾಕು?

— ಆರು ಲೀಟರಿನ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 1,800 ಲೀಟರ್ ಗಾಳಿ ಸಿಗುತ್ತದೆ. ನಿಮಿಷಕ್ಕೆ 40 ಲೀಟರಿನಂತೆ ಲೆಕ್ಕ ಹಾಕಿ ನಲವತ್ತೈದು ನಿಮಿಷ ಎಂದು ಕಾಗದದಲ್ಲಿ ಬರೆಯುತ್ತಾರೆ. ಮೆಟ್ಟಿಲು ಹತ್ತಿ, ಹೋಸ್ ಎಳೆದು, ಪ್ರಜ್ಞೆ ತಪ್ಪಿದವರನ್ನು ಹೊತ್ತು ತರುವವನ ಉಸಿರು ಅದರ ಎರಡು ಪಟ್ಟು ಓಡುತ್ತದೆ. ಆಗ ಗಾಳಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ. ಒತ್ತಡ ಸುಮಾರು 55 ಬಾರಿಗೆ ಇಳಿದಾಗ ಸೀಟಿ ಕೂಗಿಕೊಳ್ಳುತ್ತದೆ. ಸೀಟಿ ಕೂಗಿದ ಮೇಲೆ ಹೊರಡುವುದಲ್ಲ, ಕೂಗುವ ಹೊತ್ತಿಗೆ ಬಾಗಿಲ ಬಳಿ ಇರಬೇಕು. ಹಾಗಾಗಿ ಒಂದು ವಾಹನದಲ್ಲಿ ಎರಡು ಸೆಟ್ ಇದ್ದರೆ ಕೆಲಸ ಆಗುವುದಿಲ್ಲ. ಒಳಗೆ ಜೋಡಿಯಾಗಿ ಇಬ್ಬರು, ಅವರಿಗೆ ಏನಾದರೂ ಆದರೆ ನುಗ್ಗಲು ಹೊರಗೆ ಸಿದ್ಧವಾಗಿ ಇನ್ನಿಬ್ಬರು. ನಾಲ್ಕು ಸೆಟ್ಟು, ಅಷ್ಟೇ ಬಿಡಿ ಸಿಲಿಂಡರು, ಹತ್ತಿರದಲ್ಲೇ ತುಂಬಿಸಲು ಒಂದು ಕಂಪ್ರೆಸರ್. ಕಂಪ್ರೆಸರ್ ದೂರದ ಊರಲ್ಲಿದ್ದರೆ ಮೊದಲ ಬೆಂಕಿಯ ನಂತರ ಎರಡನೆಯದಕ್ಕೆ ಖಾಲಿ ಸಿಲಿಂಡರ್ ಹೊತ್ತು ಹೋಗಬೇಕಾಗುತ್ತದೆ.

— ಮುಖಕವಚ ಎಲ್ಲರಿಗೂ ಒಂದೇ ಅಳತೆಯೇ?

— ಮುಖಗಳು ಒಂದೇ ಅಳತೆಯಲ್ಲ, ಹಾಗಾಗಿ ಕವಚವೂ ಅಲ್ಲ. ರಬ್ಬರಿನ ಅಂಚು ಹಣೆ, ಕೆನ್ನೆ, ಗಲ್ಲಕ್ಕೆ ಕೂದಲೆಳೆಯೂ ಬಿಡದಂತೆ ಅಂಟಿ ಕೂರಬೇಕು. ಮೂರು ದಿನದ ಗಡ್ಡ ಸಾಕು ಆ ಬಿಗಿ ತಪ್ಪಲು. ಕವಚ ಹಾಕಿಕೊಂಡು ವಾಲ್ವು ಮುಚ್ಚಿ ಉಸಿರೆಳೆದಾಗ ಅದು ಮುಖಕ್ಕೆ ಒತ್ತಿಕೊಂಡು ಹಾಗೇ ನಿಂತರೆ ಸರಿ, ಸಡಿಲಾದರೆ ಎಲ್ಲೋ ಸೋರುತ್ತಿದೆ. ಕನ್ನಡಕದ ಕಡ್ಡಿಯೂ ಆ ಅಂಚನ್ನು ಎತ್ತುತ್ತದೆ, ಕನ್ನಡಕ ಹಾಕುವವರಿಗೆ ಕವಚದೊಳಗೇ ಕೂರುವ ಚೌಕಟ್ಟು ಬೇಕು. ಪ್ರತಿಯೊಬ್ಬರಿಗೂ ಅವರದೇ ಮುಖಕವಚ ಕೊಡಬೇಕೆನ್ನುವುದು ಶೋಕಿಯ ಬೇಡಿಕೆಯಲ್ಲ.

— ಬಾವಿ, ಮ್ಯಾನ್‌ಹೋಲ್ ಕರೆಗಳಿಗೂ ಇದೇ ಸೆಟ್ಟೇ?

— ಇದೇ, ಜೊತೆಗೆ ಮುಕ್ಕಾಲಿ, ಹಗ್ಗ, ಮೈಕಟ್ಟು ಮತ್ತು ಅನಿಲ ಅಳೆಯುವ ಮೀಟರು. ಗಾಳಿಯಲ್ಲಿ ಆಮ್ಲಜನಕ 20.9 ಶೇಕಡ. ಅದು 19.5ಕ್ಕಿಂತ ಇಳಿದರೆ ಒಳಗೆ ಬರಿಮೈಯಲ್ಲಿ ಇಳಿಯುವಂತಿಲ್ಲ, ಫಿಲ್ಟರ್ ಮಾಸ್ಕ್ ಹಾಕಿಕೊಂಡೂ ಇಳಿಯುವಂತಿಲ್ಲ. ಫಿಲ್ಟರ್ ವಿಷವನ್ನು ಸೋಸಬಹುದು, ಇಲ್ಲದ ಆಮ್ಲಜನಕವನ್ನು ಹುಟ್ಟಿಸಲಾರದು. ಬಿದ್ದವನನ್ನು ಎತ್ತಲು ಇಳಿದ ಎರಡನೆಯವನು, ಅವನನ್ನು ಎತ್ತಲು ಇಳಿದ ಮೂರನೆಯವನು ಸತ್ತ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಮರುಕಳಿಸುತ್ತಲೇ ಇರುತ್ತದೆ. ಮೀಟರ್ ಮೊದಲು ಇಳಿಯಬೇಕು, ಮನುಷ್ಯ ಆಮೇಲೆ.

— ಭದ್ರಾವತಿಯ ಕಾರ್ಖಾನೆಗಳ ಅಪಾಯ ಬೇರೆಯೇ ಇರಬೇಕು.

— ಪೂರ್ತಿ ಬೇರೆ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, ಅದೇ ಇಂದಿನ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ. ಮಾಚೇನಹಳ್ಳಿಯ ಫೌಂಡ್ರಿಗಳೂ ಇದೇ ಕೆಲಸದ ಸಂತಾನ. ಕರಗಿದ ಲೋಹ ಇರುವಲ್ಲಿ ಶಾಖ ಜ್ವಾಲೆಯಾಗಿ ಮುಟ್ಟುವುದಕ್ಕಿಂತ ಹೆಚ್ಚಾಗಿ ವಿಕಿರಣವಾಗಿ ಬಂದು ಹೊಡೆಯುತ್ತದೆ. ಅಲ್ಲಿಗೆ ಅಲ್ಯೂಮಿನಿಯಂ ಲೇಪದ ಬೆಳ್ಳಿಬಣ್ಣದ ಉಡುಪು ಬೇಕು, ಅದು ಶಾಖದ ಬಹುಪಾಲನ್ನು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತದೆ. ಆದರೆ ಲೇಪ ಗೀರಿದರೆ, ಮಡಚಿದಲ್ಲಿ ಸುಲಿದರೆ ಆ ಗುಣ ಹೋಗುತ್ತದೆ. ಪೆಟ್ಟಿಗೆಯಲ್ಲಿ ಮಡಚಿಟ್ಟು ವರ್ಷಗಟ್ಟಲೆ ಬಿಚ್ಚದ ಸೂಟು ಇದ್ದೂ ಇಲ್ಲದಂತೆ. ಅದಕ್ಕಿಂತ ದೊಡ್ಡ ಮಾತೆಂದರೆ, ಕರಗಿದ ಲೋಹದ ಬಳಿ ನೀರು ಶತ್ರು. ಲೋಹದ ಅಡಿಗೆ ಸಿಕ್ಕ ನೀರು ಕ್ಷಣಾರ್ಧದಲ್ಲಿ ಹಬೆಯಾಗಿ ಸಿಡಿದು ಲೋಹವನ್ನೇ ಮಳೆಗರೆಯುತ್ತದೆ. ಅಲ್ಲಿ ಒಣ ಮರಳು ಬೇಕು.

— ಕುಲುಮೆಯ ಅನಿಲ?

— ಊದುಕುಲುಮೆಯಿಂದ ಬರುವ ಅನಿಲದಲ್ಲಿ ಸುಮಾರು ಕಾಲು ಭಾಗ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಭದ್ರಾವತಿಯ ಕಾರ್ಖಾನೆಯ ಒಡೆತನ ಹೊಂದಿರುವ ಉಕ್ಕು ಪ್ರಾಧಿಕಾರದ ಭಿಲಾಯಿ ಘಟಕದಲ್ಲಿ 2014ರ ಜೂನ್‌ನಲ್ಲಿ ಈ ಅನಿಲ ಸೋರಿ ಆರು ಜನ ಸತ್ತರು. 2018ರ ಅಕ್ಟೋಬರ್‌ನಲ್ಲಿ ಅಲ್ಲೇ ಅನಿಲ ಕೊಳವೆಯ ದುರಸ್ತಿ ನಡೆಯುವಾಗ ಬೆಂಕಿ ಭುಗಿಲೆದ್ದಿತು. ಆಗ ಸತ್ತವರಲ್ಲಿ ಕಾವಲಿಗೆ ನಿಂತಿದ್ದ ಅಗ್ನಿಶಾಮಕ ಸಿಬ್ಬಂದಿಯೂ ಇದ್ದರು. ಕರೆ ಬಂದ ಮೇಲೆ ಹೋಗುವವರಿಗಿಂತ ಮೊದಲೇ ಸ್ಥಳದಲ್ಲಿ ಕಾವಲು ನಿಲ್ಲುವವರಿಗೆ ಪೂರ್ಣ ಉಡುಪು, ಎದೆಗೆ ಸಿಕ್ಕಿಸುವ ಅನಿಲ ಮೀಟರು ಇನ್ನೂ ಅಗತ್ಯ, ಏಕೆಂದರೆ ಅವರು ಅಪಾಯದ ಬಾಯಲ್ಲೇ ನಿಂತಿರುತ್ತಾರೆ.

— ದೊಡ್ಡ ಕಾರ್ಖಾನೆ ಸೊರಗಿದರೆ ಅಪಾಯ ಕಡಿಮೆಯಾದಂತೆ ಅಲ್ಲವೇ?

— ಹಾಗೆ ಕಾಣುತ್ತದೆ, ಆದರೆ ಇನ್ನೊಂದು ಮುಖವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದು, ಆ ವರ್ಷವೇ ಭಾಗಶಃ ಕೆಲಸ ಮತ್ತೆ ಶುರುವಾಯಿತು. ದೊಡ್ಡ ಕಾರ್ಖಾನೆ ನಡೆಯುತ್ತಿದ್ದಾಗ ಅನಿಲ, ಕುಲುಮೆ, ಬಾಯ್ಲರ್ ಬಲ್ಲ ಅನುಭವಿ ಕೈಗಳು ಊರಲ್ಲೇ ಇರುತ್ತವೆ. ಅವು ಚದುರಿದ ಮೇಲೆ ಉಳಿಯುವುದು ಸಣ್ಣ ಗಿರಣಿ, ಸಣ್ಣ ಘಟಕಗಳು. ಅವುಗಳ ಭಾರವೆಲ್ಲ ಊರಿನ ಅಗ್ನಿಶಾಮಕ ಠಾಣೆಯ ಮೇಲೆ ಬೀಳುತ್ತದೆ. 2024ರ ಡಿಸೆಂಬರ್‌ನಲ್ಲಿ ಭದ್ರಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ಸಿಡಿದು ಕಟ್ಟಡ ಕುಸಿಯಿತು, ಕಾರ್ಮಿಕರೊಬ್ಬರು ಸತ್ತರು, ಹಲವರು ಗಾಯಗೊಂಡರು. ಅವಶೇಷದಡಿ ಹುಡುಕುವ ಕೆಲಸಕ್ಕೆ ಮೂರು ಪದರದ ಕೋಟು ಹೊರೆ. ಗಂಟೆಗಟ್ಟಲೆ ಬಗ್ಗಿ ಇಟ್ಟಿಗೆ ಎತ್ತುವವರಿಗೆ ತೆಳುವಾದ ಗಟ್ಟಿ ಉಡುಪು, ಮೊಣಕಾಲಿಗೆ ಮೆತ್ತೆ, ಮೊಳೆ ಚುಚ್ಚದ ಉಕ್ಕಿನ ತಳದ ಬೂಟು, ಹಗುರ ಹೆಲ್ಮೆಟ್ಟು, ಹೊಟ್ಟು ಮತ್ತು ಸಿಮೆಂಟ್ ಧೂಳಿಗೆ ಮಾಸ್ಕು ಬೇಕು.

— ಡೈರಿ, ಶೀತಲಗೃಹಗಳಲ್ಲಿ ಅಮೋನಿಯಾ ಇರುತ್ತದೆ. ಆ ಕರೆಗೆ?

— ಅಮೋನಿಯಾ ತೇವ ಇರುವಲ್ಲಿಗೇ ಹೋಗಿ ಸುಡುತ್ತದೆ: ಕಣ್ಣು, ಗಂಟಲು, ಬೆವರಿದ ಕಂಕುಳು, ತೊಡೆಸಂದು. ದ್ರವರೂಪದಲ್ಲಿ ಅದರ ಕುದಿಬಿಂದು ಸೊನ್ನೆಗಿಂತ 33 ಡಿಗ್ರಿ ಕೆಳಗೆ, ಮೈಗೆ ಚಿಮ್ಮಿದರೆ ಹೆಪ್ಪುಗಟ್ಟಿಸುತ್ತದೆ. ಬೆಂಕಿಯ ಕೋಟು ಇಲ್ಲಿ ಅನಿಲವನ್ನು ಹೀರಿಕೊಂಡು ಒಳಗೇ ಇಟ್ಟುಕೊಳ್ಳುತ್ತದೆ. ಬೇಕಾದದ್ದು ತಲೆಯಿಂದ ಕಾಲಿನವರೆಗೆ ಗಾಳಿಯಾಡದಂತೆ ಮುಚ್ಚುವ ರಾಸಾಯನಿಕ ಸೂಟು, ಅದರೊಳಗೆ ಬಿ.ಎ. ಸೆಟ್. ಆದರೆ ಆ ಸೂಟು ಬೆಂಕಿ ತಾಳುವುದಿಲ್ಲ, ಗಾಳಿಯಲ್ಲಿ ಅಮೋನಿಯಾ ಹದಿನೈದು ಶೇಕಡದಷ್ಟು ಸೇರಿದರೆ ಹೊತ್ತಿಕೊಳ್ಳಲೂ ಬಹುದು. ಹಾಗಾಗಿ ಎರಡು ಅಪಾಯವನ್ನೂ ತೂಗಿ ನೋಡುವ ಅಧಿಕಾರಿ ಹೊರಗಿರಬೇಕು. ಸೂಟಿನೊಳಗಿನವರಿಗೆ ಕೆಲಸಕ್ಕೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಹೊರಬಂದವರ ಮೇಲೆ ನೀರು ಹಾಯಿಸಿ ತೊಳೆದು, ಆಮೇಲೆ ಸೂಟು ಬಿಚ್ಚಿಸಬೇಕು. ಅದಕ್ಕೆ ತಗಲುವ ಸಮಯದ ಗಾಳಿಯನ್ನೂ ಸಿಲಿಂಡರಿನಲ್ಲಿ ಉಳಿಸಿಕೊಂಡಿರಬೇಕು.

— ಇಂಥ ಸೂಟುಗಳನ್ನು ಎಲ್ಲ ಠಾಣೆಗೂ ಕೊಡಲು ಸಾಧ್ಯವೇ? ತಾಲ್ಲೂಕು ಮಟ್ಟದಲ್ಲಿ ಇಷ್ಟನ್ನೆಲ್ಲ ನಿರೀಕ್ಷಿಸುವುದು ಹೆಚ್ಚಾಯಿತಲ್ಲ?

— ಎಲ್ಲ ಠಾಣೆಗೂ ಬೇಕಿಲ್ಲ. ಬೆಂಕಿಯ ಕೋಟು, ಬಿ.ಎ. ಸೆಟ್, ಅನಿಲ ಮೀಟರ್ ಪ್ರತಿ ಠಾಣೆಯಲ್ಲೂ ಇರಲೇಬೇಕು, ಅದರಲ್ಲಿ ರಾಜಿಯಿಲ್ಲ. ರಾಸಾಯನಿಕ ಸೂಟು, ಅಲ್ಯೂಮಿನಿಯಂ ಸೂಟುಗಳನ್ನು ಜಿಲ್ಲೆಗೆ ಒಂದು ಕಡೆ ಇಟ್ಟು, ಅವನ್ನು ತೊಟ್ಟು ಪಳಗಿದ ತಂಡವನ್ನು ಜೊತೆಗೆ ಕಳಿಸುವುದು ಮೇಲು. ಅನಿಲ ಇಟ್ಟುಕೊಂಡ ಕಾರ್ಖಾನೆ ತನ್ನ ಸೂಟನ್ನು ತಾನೇ ಇಟ್ಟಿರಬೇಕು. ಅಪಾಯಕಾರಿ ರಾಸಾಯನಿಕಗಳ ಬಗೆಗಿನ 1989ರ ನಿಯಮಗಳು ದೊಡ್ಡ ಘಟಕಗಳ ಒಳಗೂ ಹೊರಗೂ ತುರ್ತು ಯೋಜನೆ ಇರಬೇಕೆಂದು ಹೇಳುತ್ತವೆ, 1996ರ ನಿಯಮಗಳು ಜಿಲ್ಲಾ ಮಟ್ಟದ ಬಿಕ್ಕಟ್ಟು ನಿರ್ವಹಣಾ ಗುಂಪನ್ನು ಬಯಸುತ್ತವೆ. ಯಾವ ಸೂಟು ಯಾರ ಬೀರುವಿನಲ್ಲಿದೆ, ಬೀಗದ ಕೈ ರಾತ್ರಿ ಯಾರ ಬಳಿ ಎಂಬುದು ಆ ಯೋಜನೆಯಲ್ಲಿ ಬರೆದಿರಬೇಕು.

— ಹುಣಸೋಡಿನಂಥ ಅನಾಹುತಕ್ಕೆ ಯಾವ ಉಡುಪು?

— ಯಾವುದೂ ಇಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹೊರವಲಯದ ಹುಣಸೋಡಿನಲ್ಲಿ ಕ್ವಾರಿಗೆ ತಂದಿದ್ದ ಸ್ಫೋಟಕ ಸಿಡಿಯಿತು. ಕನಿಷ್ಠ ಐವರು ಸತ್ತರು. ಸದ್ದು ನೆರೆಯ ಜಿಲ್ಲೆಗಳಿಗೂ ಕೇಳಿಸಿ ಜನ ಭೂಕಂಪವೆಂದು ಬೀದಿಗೆ ಬಂದರು. ಸ್ಫೋಟಕದ ಸರಕಿಗೆ ಬೆಂಕಿ ತಗುಲಿದೆ ಎಂದಾದರೆ ಅದನ್ನು ಆರಿಸಲು ಹೋಗಬಾರದು, ಸುತ್ತ 1,600 ಮೀಟರ್ ತೆರವು ಮಾಡಬೇಕು ಎಂಬುದು ಹೊರದೇಶಗಳಲ್ಲಿ ಬಳಕೆಯಲ್ಲಿರುವ ತುರ್ತು ಕೈಪಿಡಿಯ ಸೂಚನೆ. ಸಿಡಿಯದೆ ಉಳಿದ ಕಡ್ಡಿಗಳಿರಬಹುದಾದ ಜಾಗಕ್ಕೆ ಬಾಂಬ್ ನಿಷ್ಕ್ರಿಯ ದಳವೇ ಮೊದಲು ಹೋಗಬೇಕು. ಬಂದ ಅಗ್ನಿಶಾಮಕರಿಗೆ ಅಲ್ಲಿ ಬೇಕಾದದ್ದು ದುರ್ಬೀನು, ಧ್ವನಿವರ್ಧಕ, ಬೆಳಕು. ಅದಕ್ಕಿಂತ ಮೊದಲು, ಲಾರಿಯಲ್ಲಿ ಏನಿದೆ ಎಂಬ ಮಾಹಿತಿ. ಕಳ್ಳದಾರಿಯಲ್ಲಿ ಬಂದ ಸ್ಫೋಟಕ ಆ ಮಾಹಿತಿಯನ್ನೇ ಇಲ್ಲವಾಗಿಸುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗಿನ ಬೆಂಕಿ ಆರಿಸುತ್ತಿದ್ದ 66 ಅಗ್ನಿಶಾಮಕರು ಸತ್ತದ್ದು ಆ ಹಡಗಿನ ಸ್ಫೋಟಕದಿಂದ. ಪ್ರತಿ ವರ್ಷ ಆ ದಿನ ಎಲ್ಲ ಠಾಣೆಗಳಲ್ಲಿ ಗೌರವ ಸಲ್ಲಿಸುತ್ತಾರೆ.

— ನೆರೆ ಬಂದಾಗ ಇದೇ ಠಾಣೆಯವರೇ ದೋಣಿ ಇಳಿಸುತ್ತಾರೆ.

— 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳು ಮುಳುಗಿದಾಗ ಇದನ್ನು ಊರೇ ನೋಡಿತು. ಹರಿಯುವ ನೀರಿಗೆ ಬೆಂಕಿಯ ಕೋಟಿನಲ್ಲಿ ಇಳಿದರೆ ಅದು ನೀರು ಕುಡಿದು ಕಲ್ಲಾಗುತ್ತದೆ, ಗಮ್‌ಬೂಟು ತುಂಬಿ ಕೆಳಕ್ಕೆ ಎಳೆಯುತ್ತದೆ, ಅಗಲ ಅಂಚಿನ ಹೆಲ್ಮೆಟ್ಟನ್ನು ಪ್ರವಾಹ ಹಿಡಿದು ಕುತ್ತಿಗೆ ತಿರುಚುತ್ತದೆ. ತೂತುಗಳಿರುವ ಹಗುರ ಹೆಲ್ಮೆಟ್ಟು, ಮೈಗೆ ಬಿಗಿಯಾದ ಉಡುಪು, ಹಗ್ಗ ಸಿಕ್ಕಿಕೊಂಡರೆ ಒಂದೇ ಎಳೆತಕ್ಕೆ ಬಿಡಿಸಿಕೊಳ್ಳುವ ಲೈಫ್ ಜಾಕೆಟ್, ಎಸೆಯುವ ಹಗ್ಗದ ಚೀಲ ಇವೇ ಅಲ್ಲಿಯ ಸಾಮಗ್ರಿ. ದೋಣಿಯಲ್ಲಿ ಬರುವ ಜನರಿಗೂ ಜಾಕೆಟ್ ಉಳಿದಿರಬೇಕು, ಅದನ್ನು ಸಿಬ್ಬಂದಿಯ ಲೆಕ್ಕಕ್ಕಷ್ಟೇ ತರಿಸಬಾರದು.

— ಶೆಟ್ಟಿಹಳ್ಳಿ ಕಡೆಯ ಕಾಡಿಗೆ ಬೆಂಕಿ ಬಿದ್ದಾಗ?

— ಅಲ್ಲಿಯೂ ದಪ್ಪ ಕೋಟು ಬೇಡ. ಮೈಲಿಗಟ್ಟಲೆ ಗುಡ್ಡ ಹತ್ತಿ ಹಸಿ ಸೊಪ್ಪಿನಿಂದ ಬಡಿದು ಬೆಂಕಿ ನಂದಿಸುವವರು ಅದರಲ್ಲಿ ಉರಿಗಿಂತ ಮೊದಲು ಸ್ವಂತ ಮೈಯ ಶಾಖಕ್ಕೇ ಕುಸಿಯುತ್ತಾರೆ. ಬೆಂಕಿ ಹಿಡಿಯದಂತೆ ಸಂಸ್ಕರಿಸಿದ ಒಂದೇ ಪದರದ ಬಟ್ಟೆ, ಚರ್ಮದ ಬೂಟು ಮತ್ತು ಕೈಗವಸು, ಹೊಗೆ ನುಗ್ಗದ ಕನ್ನಡಕ, ಸಾಕಷ್ಟು ಕುಡಿಯುವ ನೀರು. ಅರಣ್ಯ ಇಲಾಖೆಯ ದಿನಗೂಲಿ ಬೆಂಕಿ ಕಾವಲುಗಾರರಿಗೂ ಇದೇ ಸಿಗಬೇಕು, ಏಕೆಂದರೆ ಮೊದಲು ಬೆಂಕಿಗೆ ಎದುರಾಗುವವರು ಅವರು.

— ಬಿ.ಎಚ್. ರಸ್ತೆಯ ಅಪಘಾತಗಳು?

— ಕತ್ತಲಲ್ಲಿ ಹೊಳೆಯುವ ಪಟ್ಟಿಯ ಜಾಕೆಟ್ ಮೊದಲು, ಏಕೆಂದರೆ ಹಿಂದಿನಿಂದ ಬರುವ ಲಾರಿಯೂ ಅಪಾಯ. ಕಬ್ಬಿಣ ಕತ್ತರಿಸುವಾಗ ಕಣ್ಣಿಗೆ ಕವಚ, ಚರ್ಮದ ಗವಸಿನೊಳಗೆ ರಕ್ತ ತಡೆಯುವ ತೆಳು ಗವಸು. ಮುರಿದ ಕಂಬದ ತಂತಿ ಕಾರಿನ ಮೇಲಿದ್ದರೆ ಬೆಂಕಿಯ ಕೈಗವಸು ಕೆಲಸಕ್ಕೆ ಬಾರದು. ವಿದ್ಯುತ್ತಿಗೆ ವೋಲ್ಟೇಜಿನ ದರ್ಜೆ ಬರೆದ ರಬ್ಬರ್ ಗವಸು ಬೇರೆಯೇ ಇದೆ, ಅದನ್ನು ತೊಟ್ಟರೂ ಮೆಸ್ಕಾಂನವರು ಸಂಪರ್ಕ ಕಡಿದ ಖಾತ್ರಿ ಸಿಗುವವರೆಗೆ ಕಾಯಲೇಬೇಕು.

— ಇಷ್ಟು ತರಿಸಿಕೊಟ್ಟರೆ ಮುಗಿಯಿತೇ?

— ತಂದದ್ದನ್ನು ಉಳಿಸಿಕೊಳ್ಳುವುದೇ ಮಲೆನಾಡಿನ ಅಂಚಿನ ಠಾಣೆಗೆ ದೊಡ್ಡ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರಿಗೆ ಕಾರಣವಾಗುವ ಮೊದಲ ಗುಂಪಿಗೆ ಸೇರಿಸಿತು. ಕೋಟಿಗೆ ಮೆತ್ತಿದ ಮಸಿ ಆ ವಿಷವನ್ನು ಹೊತ್ತಿರುತ್ತದೆ. ಮಸಿಯಾದ ಕೋಟು ಅನುಭವದ ಗುರುತೆಂದು ಹೆಮ್ಮೆಪಡುವ ಕಾಲ ಹೋಗಬೇಕು. ಬೆಂಕಿ ಆರಿದ ಸ್ಥಳದಲ್ಲೇ ಅದನ್ನು ತೊಳೆದು, ಚೀಲದಲ್ಲಿ ಕಟ್ಟಿ ತರಬೇಕು, ಯಾರೂ ಅದನ್ನು ಮನೆಗೊಯ್ದು ಮಕ್ಕಳ ಬಟ್ಟೆಯ ಜೊತೆ ಒಗೆಯಬಾರದು. ಬ್ಲೀಚ್ ಹಾಕಿದರೆ ನೂಲು ಸಾಯುತ್ತದೆ. ಬಿಸಿಲಿಗೆ ಹರವಿದರೂ ಹಾಗೇ, ಅರಾಮಿಡ್ ನೂಲು ಸೂರ್ಯನ ಬೆಳಕಿಗೆ ಬಲ ಕಳೆದುಕೊಳ್ಳುತ್ತದೆ. ನೆರಳಲ್ಲಿ ಒಣಗಿಸೋಣವೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನೆರಳಲ್ಲಿ ಏನೂ ಒಣಗುವುದಿಲ್ಲ. ಒದ್ದೆ ಅಸ್ತರಿಯ ಕೋಟು ಬೆಂಕಿಯೊಳಗೆ ಹಬೆಯಾಗಿ ಮೈ ಬೇಯಿಸುತ್ತದೆ. ಗಾಳಿ ಬೀಸಿ ಒಣಗಿಸುವ ಕೋಣೆ ಮತ್ತು ಒಬ್ಬರಿಗೆ ಎರಡು ಜೊತೆ ಉಡುಪು ಶಿವಮೊಗ್ಗಕ್ಕೆ ಬೆಂಗಳೂರಿಗಿಂತ ಹೆಚ್ಚು ಅಗತ್ಯ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ಕೋಟು, ಬಿ.ಎ. ಸೆಟ್ ಸೇರಿ ಇಪ್ಪತ್ತು ಕಿಲೋ ದಾಟುತ್ತದೆ. ಏಪ್ರಿಲ್ ಬಿಸಿಲಲ್ಲಿ ಎರಡು ಸಿಲಿಂಡರ್ ಮುಗಿಸಿದವರನ್ನು ಕೋಟು ಬಿಚ್ಚಿಸಿ ನೆರಳಲ್ಲಿ ಕೂರಿಸಿ ನೀರು ಕೊಡಲೇಬೇಕು. ಬದಲಿಗೆ ಹೋಗಲು ಜನ ಇಲ್ಲದಿದ್ದರೆ ಉಡುಪು ಎಷ್ಟೇ ಚೆನ್ನಾಗಿದ್ದರೂ ನಡೆಯುವುದಿಲ್ಲ.

— ಹಣದ ದಾರಿ?

— ರಾಜ್ಯಗಳ ಅಗ್ನಿಶಾಮಕ ಸೇವೆಗಳ ಆಧುನೀಕರಣಕ್ಕೆ ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ಅಂಥ ಹಣ ಬಂದಾಗ ಕಣ್ಣಿಗೆ ಕಾಣುವ ವಾಹನಗಳಿಗೆ ಮೊದಲು ಹೋಗುತ್ತದೆ. ಬೆಂಗಳೂರಿನಲ್ಲಿ 90 ಮೀಟರ್ ಏರುವ ಏಣಿ ವಾಹನ ಬಂದದ್ದು ಎಲ್ಲ ಪತ್ರಿಕೆಗಳಲ್ಲಿ ಚಿತ್ರವಾಯಿತು, ಟೋಪಿಗವಸು ಬಂದದ್ದು ಆಗುವುದಿಲ್ಲ. ಪಾಲಿಕೆ, ನಗರಸಭೆಯ ಸದಸ್ಯರು ಠಾಣೆಗೆ ಹೋದಾಗ ವಾಹನದಲ್ಲಿ ಎಷ್ಟು ಆಸನವಿದೆ, ತುಂಬಿದ ಬಿ.ಎ. ಸೆಟ್ ಎಷ್ಟಿದೆ ಎಂದು ಎಣಿಸಲಿ. ಸಿಲಿಂಡರಿನ ಮೈಮೇಲೆ ಒತ್ತಡ ಪರೀಕ್ಷೆಯ ತಾರೀಖು ಅಚ್ಚಾಗಿರುತ್ತದೆ, ಅದು ಐದು ವರ್ಷಕ್ಕಿಂತ ಹಳತೇ ಎಂದು ನೋಡಲಿ.

— ಕೋಟಿಗೂ ಅವಧಿಯಿದೆಯೇ?

— ತಯಾರಾದ ದಿನದಿಂದ ಹತ್ತು ವರ್ಷ ಎಂಬುದು ಅಮೆರಿಕದಲ್ಲಿ ಪಾಲಿಸುವ ಮಿತಿ, ಹರಿದರೆ ಕರಿಕಾದರೆ ಅದಕ್ಕೂ ಮೊದಲೇ. ಅವಧಿ ಮುಗಿದದ್ದನ್ನು ಸಣ್ಣ ಠಾಣೆಗೋ ಗೃಹರಕ್ಷಕರಿಗೋ ದಾಟಿಸಬಾರದು. ಬೆನ್ನ ಮೇಲೆ ದೊಡ್ಡದಾಗಿ ಗುರುತು ಹಾಕಿ ಹೋಸ್ ಎಳೆಯುವ, ಏಣಿ ಹತ್ತುವ ಕವಾಯತಿಗೆ ಮಾತ್ರ ಇಟ್ಟುಕೊಳ್ಳಬಹುದು, ನಿಜವಾದ ಬೆಂಕಿ ಹೊತ್ತಿಸಿ ಕಲಿಸುವ ತರಬೇತಿಗೂ ಕೊಡುವಂತಿಲ್ಲ. ಉಳಿದವನ್ನು ಮತ್ತೆ ಯಾರೂ ತೊಡದಂತೆ ಕತ್ತರಿಸಿ, ದಾಸ್ತಾನು ಪುಸ್ತಕದಿಂದ ತೆಗೆದುಹಾಕಬೇಕು.